ಮೊಟ್ಟೆಗೆ ನೀರು ಕುಡಿಸಬೇಡಿ

ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಸಣ್ಣ ಕೆಂಪು ಡಿಸ್‌ಪ್ಲೇ. ಅದರಲ್ಲಿ 60 ಅಂತ ಬಂದರೆ ಸಮಾಧಾನ, 48 ಅಂತ ಬಂದರೆ ಓಡಿ ಹೋಗಿ ಟ್ರೇಗೆ ನೀರು. ಹೊರಗೆ ಜುಲೈ ತಿಂಗಳ ಮಳೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ಒಡೆದಿದೆ, ಹಪ್ಪಳ ಮೆತ್ತಗಾಗಿದೆ. ಅಂಥ ಮನೆಯೊಳಗೆ ಕೂತು ನಮ್ಮ ಇಂಜಿನಿಯರ್ ಸಾಹೇಬರು ಮೊಟ್ಟೆಗೆ ತೇವ ಸಾಲದು ಅಂತ ನೀರು ಹೊಯ್ಯುತ್ತಿದ್ದಾರೆ. ಇಪ್ಪತ್ತೊಂದನೇ ದಿನ ಮೂವತ್ತು ಮೊಟ್ಟೆಯಲ್ಲಿ ಎಂಟು ಮರಿ. ಉಳಿದವು ಚಿಪ್ಪಿನೊಳಗೇ ಸತ್ತಿವೆ.

2020ರಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದ ಬ್ಯಾಚ್ ನಮ್ಮದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಆಗ ಆನ್‌ಲೈನ್‌ನಲ್ಲಿ ಇನ್‌ಕ್ಯುಬೇಟರ್ ತರಿಸಿದವರು ನನಗೆ ಗೊತ್ತಿರುವವರೇ ಎಂಟು ಹತ್ತು ಜನ ಇದ್ದಾರೆ. ಎಲ್ಲರಿಗೂ ಪೆಟ್ಟಿಗೆಯ ಜೊತೆ ಒಂದು ಹಾಳೆ ಬಂದಿತ್ತು: 37.5 ಡಿಗ್ರಿ ಬಿಸಿ, ಮೊದಲ 18 ದಿನ ಹ್ಯುಮಿಡಿಟಿ 55ರಿಂದ 60, ನೀರಿನ ಟ್ರೇ ಯಾವತ್ತೂ ಖಾಲಿ ಬಿಡಬೇಡಿ. ಈ ಕೊನೆಯ ವಾಕ್ಯದ ಮೇಲೇ ನನ್ನ ಸಿಟ್ಟು. ಅದು ನಮ್ಮ ಊರಿಗೆ ಬರೆದದ್ದಲ್ಲ.

ಮೊಟ್ಟೆ ನೀರು ಕಳೆದುಕೊಳ್ಳಬೇಕು ಮಾರಾಯ್ರೆ! ಕಾವಿಗಿಟ್ಟ ಹದಿನೆಂಟು ದಿನದಲ್ಲಿ ಅದರ ತೂಕ ನೂರಕ್ಕೆ ಹನ್ನೆರಡರಷ್ಟು, ಒಂದು ಆಚೆ ಒಂದು ಈಚೆ, ಇಳಿಯಬೇಕು. ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋದಷ್ಟೂ ದಪ್ಪ ತುದಿಯಲ್ಲಿರುವ ಗಾಳಿಯ ಜಾಗ ದೊಡ್ಡದಾಗುತ್ತದೆ. ಹತ್ತೊಂಬತ್ತು ಇಪ್ಪತ್ತನೇ ದಿನ ಮರಿ ಕೊಕ್ಕಿನಿಂದ ಪೊರೆ ಚುಚ್ಚಿ ಮೊದಲ ಉಸಿರು ಎಳೆಯುವುದು ಆ ಜಾಗದಲ್ಲೇ. ನೀರು ಹೋಗದಿದ್ದರೆ ಅಲ್ಲಿ ಜಾಗವೂ ಇಲ್ಲ, ಗಾಳಿಯೂ ಇಲ್ಲ. ಮರಿ ಮುಳುಗುತ್ತದೆ. ಹೇಗೋ ಹೊರಬಂದದ್ದೂ ಮೈಯೆಲ್ಲ ಅಂಟಂಟಾಗಿ, ಹೊಟ್ಟೆ ಊದಿಕೊಂಡು ಬಿದ್ದಿರುತ್ತದೆ.

ಈಗ ಲೆಕ್ಕ ನೋಡಿ. ಮಳೆಗಾಲದಲ್ಲಿ ನಮ್ಮ ಹೊರಗಿನ ಗಾಳಿ 26 ಡಿಗ್ರಿ, ತೇವಾಂಶ 90 ಅಂತಿಟ್ಟುಕೊಳ್ಳಿ. ಅದೇ ಗಾಳಿಯನ್ನು ಒಂದು ಹನಿ ನೀರೂ ಸೇರಿಸದೆ 37.5ಕ್ಕೆ ಬಿಸಿ ಮಾಡಿದರೆ ಪೆಟ್ಟಿಗೆಯೊಳಗೆ ಮೀಟರ್ ಸುಮಾರು 47 ತೋರಿಸುತ್ತದೆ. ಮೇ ತಿಂಗಳ ಸೆಖೆಗೆ, 32 ಡಿಗ್ರಿ, 70 ತೇವಾಂಶಕ್ಕೆ, 52 ಬರುತ್ತದೆ. ಟ್ರೇ ಖಾಲಿ ಇರುವಾಗಲೇ ಇಷ್ಟು! ಅದೇ ಬೆಂಗಳೂರಿನ ಜನವರಿಯಲ್ಲಿ 20 ಡಿಗ್ರಿ, 50 ತೇವಾಂಶದ ಗಾಳಿಯನ್ನು ಬಿಸಿ ಮಾಡಿದರೆ 18ಕ್ಕೆ ಇಳಿಯುತ್ತದೆ. ಅಲ್ಲಿ ನೀರು ಹಾಕದಿದ್ದರೆ ಮೊಟ್ಟೆ ಒಣಗಿ ಹೋಗುತ್ತದೆ, ಒಪ್ಪಿದೆ. ಹಾಗಾಗಿ ಬೆಂಗಳೂರಿನವನು ವಿಡಿಯೋದಲ್ಲಿ ಹೇಳುವುದು ಸುಳ್ಳಲ್ಲ. ಅವನದು ಅವನ ಊರಿನ ಮಾತು. ಪ್ರೊಡಕ್ಷನ್ ಸರ್ವರ್‌ಗೆ ಬೇರೆ ಕಂಪನಿಯ ಕಾನ್ಫಿಗ್ ಫೈಲ್ ಹಾಗೇ ಕಾಪಿ ಮಾಡ್ತೀರಾ? ಮೊಟ್ಟೆಗೆ ಮಾತ್ರ ಯಾಕೆ ಮಾಡ್ತೀರಿ?

ಹೋಗಲಿ, ಕಳೆದದ್ದು ಅವರ ಮೊಟ್ಟೆ ಅಂತ ಸುಮ್ಮನಿರಬಹುದಿತ್ತು. ಆದರೆ ಅವರ ಮೊಟ್ಟೆ ಅಲ್ಲವಲ್ಲ. ಅಕ್ಕಪಕ್ಕದ ಅಕ್ಕಂದಿರ ಹತ್ತಿರ ಪಾಲಿಗೆ ತಂದದ್ದು. ಮೊಟ್ಟೆ ಅವರದು, ಮೆಷಿನ್ ಇವರದು, ಮರಿ ಅರ್ಧರ್ಧ. ಬೀಡಿ ಕಟ್ಟಿ, ನಾಟಿ ಮೊಟ್ಟೆ ಮಾರಿ ಕೈಗೆ ಬರುವ ಚಿಲ್ಲರೆ ದುಡ್ಡು ಅದು, ಗಂಡನ ಹತ್ತಿರ ಕೇಳದೆ ಖರ್ಚು ಮಾಡಬಹುದಾದ ದುಡ್ಡು. ಸಿದ್ದಕಟ್ಟೆ ಕಡೆಯ ಒಬ್ಬರಿಗೆ ಇಂಥ ಒಬ್ಬ ಮೆಷಿನ್ ಧಣಿ ಹೇಳಿದನಂತೆ, "ನಿಮ್ಮ ಹುಂಜದಲ್ಲಿ ದಮ್ಮಿಲ್ಲ ಅಕ್ಕ, ಮೊಟ್ಟೆಯೇ ಸರಿ ಇಲ್ಲ." ಅವರು ಹುಂಜವನ್ನು ಮಾರಿಬಿಟ್ಟರು. ಆ ಮೊಟ್ಟೆ ಒಡೆದು ನೋಡಿದರೆ ಒಳಗೆ ರೆಕ್ಕೆಪುಕ್ಕ, ಉಗುರು ಎಲ್ಲ ಬಂದ ಪೂರ್ತಿ ಮರಿ. ಹುಂಜ ತನ್ನ ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಎಂತ ಬೇಕು? ದಮ್ಮಿಲ್ಲದ ಹುಂಜದ ಮೊಟ್ಟೆ ಏಳನೇ ದಿನ ಟಾರ್ಚ್ ಹಿಡಿದಾಗಲೇ ಖಾಲಿ ಕಾಣುತ್ತದೆ, ಇಪ್ಪತ್ತನೇ ದಿನದವರೆಗೆ ಮರಿ ಬೆಳೆಸುವುದಿಲ್ಲ.

ಇನ್ನೊಂದು ಪಾರ್ಟಿ ಉಂಟು: "ಅಜ್ಜಿಯ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಎಲ್ಲ ಸರಿಯಾಗಿತ್ತು" ಅನ್ನುವವರು. ಅವರ ಜೊತೆಗೂ ನಾನಿಲ್ಲ. ನಮ್ಮ ಮನೆಯಲ್ಲಿ ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಕಾವಿಗಿಟ್ಟ ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುತ್ತಿದ್ದರು. ಅದರಿಂದ ಏನೂ ಆಗುವುದಿಲ್ಲ. ಆದರೆ ಬುಟ್ಟಿಯಲ್ಲಿ ಉಮಿ ಮತ್ತು ಬೈಹುಲ್ಲು ಒಣಗಿದ್ದೇ ಇರುತ್ತಿತ್ತು. ಹೇಂಟೆಯ ಹೊಟ್ಟೆಯ ಕೆಳಗೆ ಲೋಟದಲ್ಲಿ ನೀರು ಇಟ್ಟವರನ್ನು ನಾನು ಕಾಣಲಿಲ್ಲ. ನನ್ನ ಕಣ್ಣಿಗೆ ಆ ಕೆಂಪು ಡಿಸ್‌ಪ್ಲೇ ಈ ಕಾಲದ ಕಬ್ಬಿಣದ ತುಂಡು. ಅಗ್ಗದ ಸೆನ್ಸರ್‌ಗಳಲ್ಲಿ 5ರಷ್ಟು ಹೆಚ್ಚುಕಮ್ಮಿ ಹೊಸದಿರುವಾಗಲೇ ಇರುತ್ತದೆ. ನಂಬಿಕೆ ಬರದಿದ್ದರೆ ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಒದ್ದೆ ಮಾಡಿ, ಮೀಟರ್ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ಎಷ್ಟು ತೋರಿಸುತ್ತದೆ ಅಂತ ನೀವೇ ನೋಡಿ.

ಮೀಟರ್ ಬಿಡಿ, ಮೊಟ್ಟೆಯನ್ನೇ ಕೇಳಿ. ಅಡುಗೆಮನೆಯ ತೂಕದ ಮೆಷಿನ್ ಸಾಕು. 40 ಗ್ರಾಮಿನ ಮೂವತ್ತು ನಾಟಿ ಮೊಟ್ಟೆ ಅಂದರೆ 1200 ಗ್ರಾಮ್. ಹದಿನೆಂಟು ದಿನದಲ್ಲಿ ಇದರಲ್ಲಿ 144 ಗ್ರಾಮ್ ಹೋಗಬೇಕು, ದಿನಕ್ಕೆ 8 ಗ್ರಾಮ್. ಆರನೇ ದಿನ ತೂಗಿದಾಗ 48ರ ಹತ್ತಿರ ಇಳಿದಿದ್ದರೆ ಕೈ ಹಾಕಬೇಡಿ. ಮೂವತ್ತೇ ಇಳಿದಿದ್ದರೆ ಟ್ರೇ ಒಣಗಿಸಿ, ಗಾಳಿಯ ಕಿಂಡಿ ತೆರೆಯಿರಿ. ಎಪ್ಪತ್ತು ಇಳಿದಿದ್ದರೆ ಆಗ ಸ್ವಲ್ಪ ನೀರು. ಡಿಸೆಂಬರ್ ಜನವರಿಯ ಚಳಿಯಲ್ಲಿ ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಇದು ಆಗಬಹುದು, ಅಲ್ಲಿನ ಬೆಳಗಿನ ಜಾವದ ಗಾಳಿ ಬಿಸಿಯಾದರೆ 30ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಅದನ್ನು ಹೇಳಬೇಕಾದದ್ದು ತೂಕ, ಹಾಳೆಯಲ್ಲ.

ಕೊನೆಯ ಮೂರು ದಿನದ ಕಥೆ ಬೇರೆ. ಆಗ ನೀರು ಬೇಕು, 65ರಿಂದ 70ರವರೆಗೆ ಬೇಕು, ಮಳೆಗಾಲದಲ್ಲೂ ಬೇಕು. ಚಿಪ್ಪು ಒಡೆದ ಮೇಲೆ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಂಡರೆ ಅದು ಹೊರಳಲಾರದು. ತೇವ ಉಳಿಯಲಿ ಅಂತ ಕಿಂಡಿ ಮುಚ್ಚುವವರಿದ್ದಾರೆ. ಮರಿಗಳಿಗೆ ಅತಿ ಹೆಚ್ಚು ಗಾಳಿ ಬೇಕಾದದ್ದು ಆ ಮೂರು ದಿನ. ಕಿಂಡಿ ಮುಚ್ಚಬೇಡಿ, ಮುಚ್ಚಳ ತೆಗೆದು ಇಣುಕಲೂ ಬೇಡಿ.

ಕರೆಂಟಿನ ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ನಮ್ಮ ಕಡೆ ಆರು ಗಂಟೆ ಕರೆಂಟಿಲ್ಲ. 65 ತೇವಾಂಶದ ಪೆಟ್ಟಿಗೆ ತಣಿಯುತ್ತಾ 30 ಡಿಗ್ರಿಗೆ ಬಂದಾಗಲೇ ಒಳಗೆ ಇಬ್ಬನಿ ಕಟ್ಟಲು ಶುರು, ಚಿಪ್ಪು ಒದ್ದೆ. ಒದ್ದೆ ಚಿಪ್ಪಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುವುದು ಸುಲಭ. ಒಣಗಿದ ಟ್ರೇಯ 47ರ ಪೆಟ್ಟಿಗೆಯಲ್ಲಿ ಇಬ್ಬನಿ ಕೂರಲು 24 ಡಿಗ್ರಿಯವರೆಗೆ ತಣಿಯಬೇಕು. ಮನೆಯೊಳಗೆ ಅಷ್ಟು ತಣಿಯುವುದು ಅಪರೂಪ.

ಪಾಲಿಗೆ ಮೊಟ್ಟೆ ತರುವವರು ಇನ್ನು ಮುಂದೆ ಅಕ್ಕನ ಎದುರಿಗೇ ತೂಗಿ, ಅವರ ಕೈಯಲ್ಲೇ ಕ್ಯಾಲೆಂಡರಿನಲ್ಲಿ ಬರೆಸಿ. ಆರನೇ ದಿನದ್ದು, ಹನ್ನೆರಡನೇ ದಿನದ್ದು, ಹದಿನೆಂಟನೇ ದಿನದ್ದು ಫೋನ್ ಮಾಡಿ ಹೇಳಿ. ಮರಿ ಆಗದಿದ್ದರೆ ಒಡೆದ ಮೊಟ್ಟೆಯನ್ನೂ ತೋರಿಸಿ. ಹುಂಜ ಮಾರಬೇಕಾ, ಮೆಷಿನ್ ಮಾರಬೇಕಾ ಅಂತ ಆಮೇಲೆ ಅವರೇ ಹೇಳಲಿ.