ಕಿಟಕಿ ಪಕ್ಕದ ಸೀಟು

ನಮ್ಮ ಬೆಳಗೊಳದ ಕಡೆ ಬಸ್ಸಿನ ಕಿಟಕಿಗೆ ಎರಡು ಉಪಯೋಗ. ಬಸ್ಸು ನಿಲ್ಲುವ ಮೊದಲೇ ಅದರೊಳಗೆ ಟವೆಲ್ ತೂರಿಸಿ ಸೀಟು ಹಿಡಿಯುವುದು ಒಂದು. ಹಾಗೆ ಹಿಡಿದ ಸೀಟಿನಲ್ಲಿ ಕುಳಿತ ಕೂಡಲೇ ಗಾಜು ಎಳೆದು ಮುಚ್ಚುವುದು ಇನ್ನೊಂದು. ಗಾಳಿ ಆಡಲೆಂದು ಕಿಟಕಿ ಇಟ್ಟಿರಬಹುದೆಂಬ ಸಂಶಯ ಯಾರಿಗೂ ಬಂದಂತಿಲ್ಲ.

2020ರಲ್ಲಿ ಕೆಲವು ತಿಂಗಳ ಮಟ್ಟಿಗೆ ಇದು ತಲೆಕೆಳಗಾಗಿತ್ತು. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಪ್ರಯಾಣಿಕರ ರೈಲು ನಿಂತಿತು, ಅದರ ಬೆನ್ನಿಗೇ ಬಸ್ಸೂ ನಿಂತಿತು. ಮೇ 19ರಂದು ಬಸ್ಸು ಮತ್ತೆ ರಸ್ತೆಗಿಳಿದಾಗ ಒಂದಕ್ಕೆ 30 ಜನ ಮಾತ್ರ ಎಂದು ಸರ್ಕಾರ ಹೇಳಿತು. ಟವೆಲ್ಲಿಗೆ ಕೆಲಸವೇ ಇರಲಿಲ್ಲ. ಒಬ್ಬರು ಕೆಮ್ಮಿದರೆ ಸುತ್ತಲಿನ ಮೂರು ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಮಳೆಯ ಹನಿ ಮುಖಕ್ಕೆ ರಾಚಿದರೂ ಯಾರೂ ಚಕಾರವೆತ್ತುತ್ತಿರಲಿಲ್ಲ.

ಈಗ ನೋಡಿ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಅದಾಗಿ ಐದೇ ವಾರಕ್ಕೆ, ಜೂನ್ 11ರಂದು, ನಮ್ಮಲ್ಲಿ ಶಕ್ತಿ ಯೋಜನೆ ಶುರುವಾಯಿತು. ಬಸ್ಸು ತುಂಬಿತು. ತುಂಬಲಿ, ನನಗೆ ಸಂತೋಷವೇ. ಪಿಯುಸಿ ಮುಗಿಸಿ ಮನೆಯಲ್ಲಿ ಉಳಿಯುತ್ತಿದ್ದ ಹುಡುಗಿಯರು ಮೈಸೂರಿನ ಕಾಲೇಜಿಗೆ ಹೋಗುತ್ತಿದ್ದಾರೆ. ಸೊಪ್ಪು, ಹೂವಿನ ಬುಟ್ಟಿ ಹೊತ್ತ ಹೆಂಗಸರು ದೇವರಾಜ ಮಾರುಕಟ್ಟೆಗೆ ಹೋಗಿಬರುವ ಖರ್ಚು ಉಳಿಸುತ್ತಿದ್ದಾರೆ. ಹೆಬ್ಬಾಳ, ಮೇಟಗಳ್ಳಿ ಕಾರ್ಖಾನೆಗಳಿಗೆ ಹೋಗುವ ಗಂಡಸರು ಮಾತ್ರ ಫುಟ್‌ಬೋರ್ಡಿನಲ್ಲಿ ನಿಂತು ಸರ್ಕಾರವನ್ನು ಬೈಯುತ್ತಾರೆ. ಬಸ್ಸು ಹೆಚ್ಚಿಸಿ ಎಂದು ಕೇಳುವುದು ಬಿಟ್ಟು ಹೆಂಗಸರನ್ನು ಇಳಿಸಿ ಎನ್ನುವುದು ಯಾವ ನ್ಯಾಯವೋ ನಾ ಕಾಣೆ.

ನನ್ನ ತಕರಾರು ಜನಸಂದಣಿಯ ಮೇಲಲ್ಲ, ಮುಚ್ಚಿದ ಗಾಜಿನ ಮೇಲೆ. ಹತ್ತನೇ ತರಗತಿಯ ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಮಾಡಿಸುವ ಒಂದು ಲೆಕ್ಕವಿದೆ, ನೀವೂ ಮಾಡಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 40,000. ಮುಚ್ಚಿದ ಬಸ್ಸಿನಲ್ಲಿ ಅಳೆದಾಗ 2,420 ಬಂತೆಂದು ಇಟ್ಟುಕೊಳ್ಳಿ. ಹೆಚ್ಚಾದ 2,000 ಎಲ್ಲಿಂದ ಬಂತು? ಒಳಗೆ ಕುಳಿತವರ ಶ್ವಾಸಕೋಶದಿಂದ. ಎರಡು ಸಾವಿರವನ್ನು ನಲವತ್ತು ಸಾವಿರದಿಂದ ಭಾಗಿಸಿದರೆ ಇಪ್ಪತ್ತರಲ್ಲಿ ಒಂದು. ಅಂದರೆ ನೀವು ಎಳೆದುಕೊಳ್ಳುವ ಪ್ರತಿ ಇಪ್ಪತ್ತು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಎದೆಯೊಳಗೆ ಹೋಗಿಬಂದದ್ದು. ಮಕ್ಕಳು 'ಥೂ' ಎನ್ನುತ್ತಾರೆ. ಎಂಜಲು ಲೋಟದಲ್ಲಿ ನೀರು ಕುಡಿಯದ ನಾವು ಎಂಜಲು ಗಾಳಿಗೆ ಮಾತ್ರ ಮಡಿ ನೋಡುವುದಿಲ್ಲ.

'ಮೇಷ್ಟ್ರೇ, ವಸಿ ಕಿಟಕಿ ಮುಚ್ಚಿ, ಮಗೀಗೆ ಗಾಳಿ ಹೊಡೀತದೆ' ಎಂದು ಹಿಂದಿನ ಸೀಟಿನ ಅಜ್ಜಿ ಹೇಳಿದರೆ ಎದುರು ಮಾತಾಡುವುದು ಕಷ್ಟ. ಶೀತ ಬರುವುದು ಗಾಳಿಯಿಂದಲ್ಲ ಅಜ್ಜಿ, ವೈರಸ್ಸಿನಿಂದ ಎಂದರೆ ಅವರು ನಕ್ಕು, ನಾನು ಎಷ್ಟು ಮಕ್ಕಳನ್ನು ಸಾಕಿದ್ದೇನೆಂದು ಎಣಿಸಿ ಹೇಳುತ್ತಾರೆ. ಧೂಳು, ಮಳೆ, ಕೂದಲು ಕೆದರುವುದು, ಎಲ್ಲವೂ ನಿಜವಾದ ತೊಂದರೆಗಳೇ. ಆದರೆ ಪೂರ್ತಿ ತೆರೆಯಬೇಕಾಗಿಲ್ಲವಲ್ಲ. ಎರಡೂ ಬದಿ ನಾಲ್ಕು ಬೆರಳಿನಷ್ಟು ಸಂದು ಬಿಟ್ಟರೆ ಓಡುವ ಬಸ್ಸಿನಲ್ಲಿ ಗಾಳಿ ತಾನೇ ದಾರಿ ಮಾಡಿಕೊಳ್ಳುತ್ತದೆ. ಒಂದೇ ಕಿಟಕಿ ತೆಗೆದರೆ ಸಾಲದು, ಒಳಬಂದದ್ದು ಹೊರಹೋಗಬೇಕು. ಬೆಂಗಳೂರಿನ ಮೆಟ್ರೋದಂಥ ಕಡೆ ತೆರೆಯುವ ಕಿಟಕಿಯೇ ಇಲ್ಲ, ಅಲ್ಲಿ ಹೊಸ ಗಾಳಿಯನ್ನು ಯಂತ್ರವೇ ತರಬೇಕು. ನಮಗೆ ಕೈಗೆಟುಕುವಲ್ಲೇ ಇದೆ.

ತಪ್ಪು ಬರೀ ಪ್ರಯಾಣಿಕರದೆನ್ನಲಾರೆ. 2020ರ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದು ಗಾಳಿಯಲ್ಲಿ ಹರಡುವ ರೋಗವಲ್ಲ ಎಂದಿತ್ತು. ಮಾತು ಬದಲಿಸುವಷ್ಟರಲ್ಲಿ 2021 ಬಂದಿತ್ತು. ಅಷ್ಟರಲ್ಲಿ ನಾವು ಅಂಗಡಿ ಮುಂದೆ ಸುಣ್ಣದ ವೃತ್ತ ಬರೆದು, ಟೊಮೇಟೊವನ್ನು ಸೋಪು ಹಾಕಿ ತೊಳೆದು ದಣಿದಿದ್ದೆವು. ವೃತ್ತ ಅಳಿಸಿತು, ಸೋಪೂ ಮುಗಿಯಿತು, ಗಾಳಿಯ ಪಾಠ ತಲುಪಲೇ ಇಲ್ಲ.

ಹಿಂದಿನವರನ್ನು ನೆನೆದರೆ ನಗು ಬರುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನಗಳ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಮೈಸೂರಿನಲ್ಲೂ ಪ್ಲೇಗಿನ ಬೆನ್ನಲ್ಲೇ, 1903ರಲ್ಲಿ, ಊರನ್ನು ಬಿಡಿಸಿ ಕಟ್ಟಲು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಆ ಪ್ಲೇಗು ಮುಖ್ಯವಾಗಿ ಹರಡಿದ್ದು ಇಲಿಯ ಮೈಮೇಲಿನ ಚಿಗಟದಿಂದ. ಚಿಗಟದಿಂದ ಬಂದ ರೋಗಕ್ಕೆ ಅವರು ಊರಿಗೇ ಗಾಳಿ ಬಿಡಿಸಿದರು. ಗಾಳಿಯಿಂದ ಬಂದ ರೋಗ ಮುಗಿದದ್ದೇ ತಡ, ನಾವು ಕಿಟಕಿ ಮುಚ್ಚಿದೆವು. ಕ್ಷಯವೂ ಗಾಳಿಯಲ್ಲೇ ಬರುವುದು, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ನನ್ನ ಮಕ್ಕಳು ದಿನಕ್ಕೆರಡು ಬಾರಿ ಓಡಾಡುವುದು ಇದೇ ಬಸ್ಸಿನಲ್ಲಿ.

ಉಳಿಯಬೇಕಾದ ಕಿಟಕಿ ಹೀಗೆ ಹೋಯಿತು. ಹೋಗಬೇಕಾದದ್ದು ಉಳಿದ ಕಥೆ ರೈಲಿನದು. ನಮ್ಮೂರ ನಿಲ್ದಾಣ ಮೈಸೂರು–ಅರಸೀಕೆರೆ ಮಾರ್ಗದಲ್ಲಿದೆ. ಕೊರೋನಾ ನಂತರ ಪ್ಯಾಸೆಂಜರ್ ರೈಲುಗಳೇ ವಿಶೇಷ ಎಕ್ಸ್‌ಪ್ರೆಸ್ಸೆಂಬ ಹೆಸರಿನಲ್ಲಿ ಬಂದಾಗ 10 ರೂಪಾಯಿಯ ಕನಿಷ್ಠ ದರ 30 ಆಯಿತು. ವೇಗವೇನೂ ಮೂರು ಪಟ್ಟಾಗಲಿಲ್ಲ. ಆ 10 ರೂಪಾಯಿ ಹಿಂತಿರುಗಲು 2024ರ ಫೆಬ್ರವರಿ ಬರಬೇಕಾಯಿತು.

ಹಿರಿಯ ನಾಗರಿಕರ ರಿಯಾಯಿತಿಯದು ಇನ್ನೂ ವಿಚಿತ್ರ. ಅರವತ್ತು ದಾಟಿದ ಗಂಡಸರಿಗೆ ಶೇಕಡಾ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇಕಡಾ 50 ಇತ್ತು. ವಯಸ್ಸಾದವರು ಸೋಂಕಿನ ಕಾಲದಲ್ಲಿ ಅನಗತ್ಯವಾಗಿ ಓಡಾಡದಿರಲಿ ಎಂಬ ಕಾರಣ ಕೊಟ್ಟು 2020ರ ಮಾರ್ಚ್ 20ರಂದು ಅದನ್ನು ನಿಲ್ಲಿಸಿದರು. ಸೋಂಕಿನ ತುರ್ತು ಮುಗಿದು, ಮಾಸ್ಕು ಮಾಯವಾಗಿ, ಐದು ವರ್ಷ ಕಳೆದರೂ ಅದು ಮರಳಲಿಲ್ಲ. ನನಗೂ ಅರವತ್ತು ದೂರವಿಲ್ಲವಾದ್ದರಿಂದ ಈ ಲೆಕ್ಕದಲ್ಲಿ ನನ್ನ ಸ್ವಾರ್ಥವೂ ಇದೆಯೆನ್ನಿ. ಸದ್ಯಕ್ಕೆ ಊರಿನ ಅಜ್ಜಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಅಜ್ಜನಿಗೆ ಅದೇ ಬಸ್ಸಿನಲ್ಲಿ ಕಾಲು ಭಾಗ ರಿಯಾಯಿತಿ, ರೈಲು ಹತ್ತಿದರೆ ಇಬ್ಬರಿಗೂ ಪೂರ್ತಿ ಟಿಕೇಟು.