ಟೈಟಲ್ ಹುಡುಕುವ ಮೊದಲು ಊರಿಗೆ ಹೋಗೋಣ

ಕೊನೆಯ ವರ್ಷ ಹತ್ತಿರವಾಗುತ್ತಿದ್ದಂತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಯಲ್ಲಿ ಒಂದೇ ಮಾತು: ‘ಪ್ರಾಜೆಕ್ಟ್‌ಗೆ ಟೈಟಲ್ ಸಿಕ್ತಾ?’ ಆ ಪ್ರಾಜೆಕ್ಟ್ ಯಾರಿಗೆ ಬೇಕಾಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದುಡ್ಡು ಕೊಟ್ಟರೆ ಮಾಡೆಲ್, ರಿಪೋರ್ಟ್, ಪಿಪಿಟಿ ಎಲ್ಲವನ್ನೂ ರೆಡಿಮೇಡ್ ಆಗಿ ಕೊಡುವ ಅಂಗಡಿಗಳೂ ಇವೆ!

ಸಮಾಜದ ಕಡೆ ಮುಖ ಮಾಡಲು ನಮಗೆ ಅವಕಾಶವಿಲ್ಲ ಎಂದೇನಲ್ಲ. ವಿಟಿಯು ಪಠ್ಯಕ್ರಮದಲ್ಲಿ ‘ಸೋಷಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯವೇ ಇದೆ. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಡಿ ಕಾಲೇಜುಗಳು ಹಳ್ಳಿಗಳನ್ನು ದತ್ತು ಪಡೆಯುತ್ತವೆ. ಆದರೆ ನಾನು ಕಂಡಂತೆ ಇದೆಲ್ಲ ಒಂದು ದಿನದ ಭೇಟಿ, ಒಂದು ಪ್ರಶ್ನಾವಳಿ, ಒಂದು ಗ್ರೂಪ್ ಫೋಟೊದಲ್ಲಿ ಮುಗಿದುಹೋಗುತ್ತದೆ. ಸಮೀಕ್ಷೆಗೆಂದು ನಮ್ಮ ತಂಡ ಹೋಗಿದ್ದ ಊರಲ್ಲಿ ಅಜ್ಜಿಯೊಬ್ಬರು, ‘ಹೋದ ವರ್ಷ ಬಂದ ಮಕ್ಕಳೂ ಇದನ್ನೇ ಬರ್ಕೊಂಡು ಹೋದ್ರು. ಅದೇನಾಯ್ತಪ್ಪಾ?’ ಎಂದು ಕೇಳಿದರು. ಹಿಂದಿನ ಬ್ಯಾಚ್‌ನ ವರದಿ ಅಂಕ ಪಡೆದು ಕಾಲೇಜಿನ ಬೀರು ಸೇರಿತ್ತು.

ಬೇರೆ ರೀತಿಯಲ್ಲೂ ಕೆಲಸ ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಹುಟ್ಟಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಈ ತಂಡ ಊರಿಗೆಲ್ಲ ಸೇರಿದಂತೆ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿತು. ಅಡುಗೆಗೆ ಗ್ಯಾಸ್ ಕೊಡುವುದು ಮೊದಲ ಯೋಚನೆಯಾಗಿತ್ತು. ಆದರೆ ಇದ್ದ ಸಗಣಿಯಿಂದ ಬಂದ ಗ್ಯಾಸ್ ಎಲ್ಲ ಮನೆಗಳಿಗೆ ಸಾಲಲಿಲ್ಲ. ಮೇಲಾಗಿ, ಊರಿನವರಿಗೆ ಮೊದಲು ಬೇಕಿದ್ದುದು ಕುಡಿಯುವ ನೀರು. ಅದು ತಿಳಿದ ಮೇಲೆ ವಿಜ್ಞಾನಿಗಳು ಯೋಜನೆಯನ್ನೇ ಬದಲಿಸಿದರು. ಅದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ ವಿದ್ಯುತ್ ಉತ್ಪಾದಿಸಿದರು. 1987ರಲ್ಲಿ ಊರಿಗೆ ನಲ್ಲಿ ನೀರು ಬಂತು, ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದುಕೊಟ್ಟವರಿಗೆ ಹಣವೂ ಸಿಕ್ಕಿತು, ಗೊಬ್ಬರವೂ ಸಿಕ್ಕಿತು. ಘಟಕ ನಡೆಸಿದವರು ಅದೇ ಊರಿನ ಯುವಕರು.

‘ಅವರು ದೊಡ್ಡ ವಿಜ್ಞಾನಿಗಳು, ನಮಗಿರುವುದು ಎರಡು ಸೆಮಿಸ್ಟರ್’ ಎಂದು ಗೆಳೆಯರು ಹೇಳುತ್ತಾರೆ. ನಿಜವೇ. ಆದರೆ ಒಂದು ಬ್ಯಾಚ್ ಎಲ್ಲವನ್ನೂ ಮುಗಿಸಬೇಕೆಂದೇನಿಲ್ಲ. ವಿಭಾಗವೊಂದು ಒಂದೇ ಊರು, ಒಂದೇ ಸಮಸ್ಯೆಯನ್ನು ಹಿಡಿದರೆ, ಸೀನಿಯರ್‌ಗಳು ಬಿಟ್ಟಲ್ಲಿಂದ ಜೂನಿಯರ್‌ಗಳು ಮುಂದುವರಿಸಬಹುದು. ಫಲಿತಾಂಶವನ್ನು ಕನ್ನಡದಲ್ಲಿ ಒಂದೆರಡು ಪುಟ ಬರೆದು ಗ್ರಾಮ ಪಂಚಾಯಿತಿಗೆ ಕೊಡುವುದು ಕಡ್ಡಾಯವಾಗಲಿ. ಅಂತಿಮ ವೈವಾದ ದಿನ ಆ ಊರಿನವರೊಬ್ಬರೂ ಕುಳಿತು ಪ್ರಶ್ನೆ ಕೇಳಲಿ. ಖರ್ಚಿನ ಚಿಂತೆ ಇದ್ದರೆ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಆಯ್ದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತದೆ.

ಕೆಲಸ ಹುಡುಕುವವರಿಗೂ ಇದರಿಂದ ನಷ್ಟವಿಲ್ಲ. ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದು ಇಂಟರ್‌ವ್ಯೂನಲ್ಲಿ ಕೇಳಿದಾಗ, ಅಂಗಡಿಯಿಂದ ತಂದವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಪಂಪ್ ಯಾಕೆ ಕೆಟ್ಟಿತು, ಜನ ಯಾಕೆ ಒಪ್ಪಲಿಲ್ಲ, ಆಮೇಲೆ ಏನು ಬದಲಿಸಿದೆವು ಎಂದು ಕಣ್ಣಾರೆ ಕಂಡವರಿಗೆ ಹೇಳಲು ಬೇಕಾದಷ್ಟು ಇರುತ್ತದೆ.

ಹಾಗಾಗಿ ಟೈಟಲ್ ಹುಡುಕಲು ಲ್ಯಾಪ್‌ಟಾಪ್ ತೆರೆಯುವ ಮುನ್ನ ಕಾಲೇಜಿನ ಪಕ್ಕದ ಊರಿಗೆ ಒಮ್ಮೆ ಬಸ್ ಹತ್ತೋಣ. ಎರಡು ಗಂಟೆ ಸುಮ್ಮನೆ ಕುಳಿತು ಕೇಳಿಸಿಕೊಂಡರೆ ಸಾಕು, ಟೈಟಲ್ ಅಲ್ಲೇ ಸಿಗುತ್ತದೆ.