ಹಾಡಿಯಿಂದ ಬಂದ ಸಹಪಾಠಿ

ಪ್ರತಿ ವರ್ಷವೂ ಕಾಲೇಜು ಪ್ರಾರಂಭವಾದಾಗ ಹೊಸ ಮುಖಗಳನ್ನು ಕಂಡು ಸಂತೋಷಪಡುವುದು ಹಳೆಯ ವಿದ್ಯಾರ್ಥಿಗಳಾದ ನಮಗೆ ರೂಢಿ. ಆದರೆ ವರ್ಷದ ಕೊನೆಯಲ್ಲಿ ಆ ಮುಖಗಳ ಪೈಕಿ ಯಾವುದು ಕಾಣೆಯಾಯಿತೆಂದು ಎಣಿಸಿ ನೋಡುವ ರೂಢಿ ನಮ್ಮಲ್ಲಿಲ್ಲ. ಹಾಗೆ ಕಾಣೆಯಾದ ಒಬ್ಬ ಮಿತ್ರನನ್ನು ನೆನೆದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಅವನು ಹೆಗ್ಗಡದೇವನಕೋಟೆಯ ಕಡೆಯ ಒಂದು ಹಾಡಿಯವನು, ಜೇನುಕುರುಬರ ಹುಡುಗ. ಆಶ್ರಮಶಾಲೆಯಲ್ಲಿ ಓದಿ, ತನ್ನ ಹಾಡಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನಾಗಿ ಬಂದಿದ್ದ. ತರಗತಿಯಲ್ಲಿ ನನ್ನ ಬೆಂಚಿನಲ್ಲಿಯೇ ಕೂರುತ್ತಿದ್ದ. ಅವನ ಮನೆಮಾತಿನ ಧಾಟಿ ನಮ್ಮ ಕನ್ನಡದ ಧಾಟಿಯಲ್ಲ. ಮೊದಲ ವಾರ ಅವನು ಎದ್ದು ನಿಂತು ಉತ್ತರ ಹೇಳಿದಾಗ ತರಗತಿಯೆಲ್ಲ ನಕ್ಕಿತು; ನಾನೂ ನಕ್ಕೆ. ಆ ಮೇಲೆ ಉತ್ತರ ತಿಳಿದಿದ್ದರೂ ಅವನು ಏಳಲಿಲ್ಲ. ಸಮಾಜಶಾಸ್ತ್ರದ ತರಗತಿಯಲ್ಲಿ ಬುಡಕಟ್ಟುಗಳ ಪಾಠ ಬಂದ ದಿನ ಎಲ್ಲರೂ ತಿರುಗಿ ಅವನನ್ನೇ ನೋಡಿದರು. ಅವನು ಪುಸ್ತಕದಿಂದ ತಲೆಯೆತ್ತಲಿಲ್ಲ.

ಅವನು ಕಾಲೇಜು ಬಿಟ್ಟದ್ದು ನಮ್ಮ ನಗೆಯಿಂದಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನು ಈಗ ಗಣಕಯಂತ್ರದಲ್ಲಿ ತುಂಬಬೇಕು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕಿನ ಖಾತೆ ಇವುಗಳಲ್ಲಿ ಹೆಸರು ಒಂದಕ್ಕೊಂದು ಹೊಂದಬೇಕು. ಅವನ ತಂದೆಯ ಹೆಸರು ಎರಡು ಕಡೆ ಎರಡು ಬಗೆಯಾಗಿತ್ತು. ಅದನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ ನಾಲ್ಕು ಬಾರಿ ಅಲೆದ. ಹಣ ಬರಲಿಲ್ಲ, ಕಾಫಿ ಕೊಯ್ಲಿನ ಕಾಲ ಬಂತು. ಮನೆಯವರೊಡನೆ ಕೊಡಗಿನ ತೋಟಕ್ಕೆ ಕೂಲಿಗೆ ಹೋದ. ಹಿಂತಿರುಗುವ ವೇಳೆಗೆ ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿದಿತ್ತು, ಪರೀಕ್ಷೆಗೆ ಕೂರಲಾಗಲಿಲ್ಲ. ಮರುವರ್ಷ ಅವನು ಬರಲೇ ಇಲ್ಲ.

ಇದರಲ್ಲಿ ತಪ್ಪು ಯಾರದು? ಗುಮಾಸ್ತರು ನಿಯಮದಂತೆ ನಡೆದರು. ಅಧ್ಯಾಪಕರು ನಿಯಮದಂತೆ ಹಾಜರಿ ಹಾಕಿದರು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು. ಆದರೆ “ಏಕಪ್ಪಾ, ಮೂರು ವಾರದಿಂದ ಕಾಣಲಿಲ್ಲ?” ಎಂದು ಕೇಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ನನ್ನ ಅಭಿಪ್ರಾಯವೆಲ್ಲ ಈ ಒಂದು ಮಾತಿನಲ್ಲಿದೆ.

ಸರ್ಕಾರ ಏನನ್ನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ದುರ್ಬಲ ವರ್ಗಗಳ, ವಿಶೇಷವಾಗಿ ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾಭ್ಯಾಸವನ್ನು ಆಸ್ಥೆಯಿಂದ ಬೆಳೆಸಬೇಕೆಂದು ಸಂವಿಧಾನದ 46ನೆಯ ವಿಧಿಯೇ ಹೇಳುತ್ತದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ವಿದ್ಯಾರ್ಥಿನಿಲಯಗಳಿವೆ. 2022ರಲ್ಲಿ ಕರ್ನಾಟಕವು ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇಕಡಾ 3ರಿಂದ 7ಕ್ಕೆ ಏರಿಸಿತು. ಆದರೆ ಪಂಗಡಗಳೆಲ್ಲ ಒಂದೇ ಸ್ಥಿತಿಯಲ್ಲಿಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ. ಅವರಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಕೊರಗರು ಸುಮಾರು 15 ಸಾವಿರ ಮಾತ್ರ. ಸರ್ಕಾರವೇ ಈ ಎರಡು ಸಮುದಾಯಗಳನ್ನು ವಿಶೇಷವಾಗಿ ದುರ್ಬಲವಾದವುಗಳೆಂದು ಗುರುತಿಸಿದೆ. ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಒಂದು ಕಾಯಿದೆಯೇ ಬೇಕಾಯಿತು. ಇಂಥ ಮನೆಗಳಿಂದ ಬಂದವನಿಗೆ ಬಾಗಿಲು ತೆರೆದಿದೆ ಎಂದರೆ ಸಾಲದು. ಒಳಗೆ ಬಂದ ಮೇಲೆ ಕೂರಲು ಹೇಳುವವರೂ ಬೇಕು.

ಇದು ನಮ್ಮ ನಾಡಿನ ಪ್ರಶ್ನೆ ಮಾತ್ರವಲ್ಲ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾನಿಲಯ 1850ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ಮೂಲನಿವಾಸಿಯಾದ ಚಾರ್ಲ್ಸ್ ಪರ್ಕಿನ್ಸ್ ಅಲ್ಲಿ ಪದವಿ ಪಡೆದದ್ದು 1966ರಲ್ಲಿ. ನೂರು ವರ್ಷಗಳಿಗೂ ಹೆಚ್ಚಿನ ಅಂತರ! 1969ರಲ್ಲಿ ಆ ದೇಶದ ಸರ್ಕಾರ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದೇ ಧನಸಹಾಯದ ಯೋಜನೆಯನ್ನು ಆರಂಭಿಸಿತು. ಇಂದು ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಅವರಿಗಾಗಿ ಪ್ರತ್ಯೇಕ ಕೇಂದ್ರಗಳಿವೆ. ಪಾಠ ಹೇಳಿಕೊಡುವವರು, ಕಷ್ಟ ಕೇಳುವವರು ಅಲ್ಲಿ ಇರುತ್ತಾರೆ. ಹಣ ಕೊಟ್ಟರೆ ಮುಗಿಯಿತೆಂದು ಅವರು ಭಾವಿಸಲಿಲ್ಲ.

“ಮೀಸಲಾತಿ ಕೊಟ್ಟಿದೆ, ವೇತನ ಕೊಟ್ಟಿದೆ, ಇನ್ನೂ ಕೈಹಿಡಿದು ನಡೆಸಬೇಕೆ? ಎಲ್ಲರಂತೆ ಅವರೂ ಓದಲಿ” ಎಂದು ಕೆಲವು ಮಿತ್ರರು ಕೇಳುತ್ತಾರೆ. ಅವರಿಗೆ ನನ್ನದೊಂದು ಮರುಪ್ರಶ್ನೆ: ನಾವು ಯಾರ ಕೈಯನ್ನೂ ಹಿಡಿಯದೆ ಬಂದೆವೆ? ನನ್ನ ಅರ್ಜಿ ತುಂಬಿದವನು ನನ್ನ ಅಣ್ಣ. ಯಾವ ವಿಷಯ ಆರಿಸಿಕೊಳ್ಳಬೇಕೆಂದು ಹೇಳಿದವರು ಸೋದರಮಾವ. ಹಣ ತಡವಾದಾಗ ತಂದೆ ಸಾಲ ತಂದರು. ಈ ಸಹಾಯಕ್ಕೆ ನಾವು ಹೆಸರಿಟ್ಟಿಲ್ಲ, ಅಷ್ಟೆ. ಹಾಡಿಯ ಹುಡುಗನಿಗೆ ಈ ಅಣ್ಣ, ಈ ಮಾವ ಇಲ್ಲ. ಅವರ ಸ್ಥಾನದಲ್ಲಿ ಕಾಲೇಜು ನಿಲ್ಲಬೇಕೆಂಬುದು ದಯೆಯ ಬೇಡಿಕೆಯಲ್ಲ, ನ್ಯಾಯದ್ದು.

ಇದಕ್ಕೆ ಲಕ್ಷಗಟ್ಟಲೆ ಹಣ ಬೇಕಿಲ್ಲ. ಮೊದಲನೆಯದಾಗಿ, ಗಿರಿಜನ ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆಂದು ಒಬ್ಬ ಅಧ್ಯಾಪಕರನ್ನು ಹೆಸರಿಸಿ ನೇಮಿಸಬೇಕು. ವಿದ್ಯಾರ್ಥಿ ಒಂದು ವಾರ ಬಾರದಿದ್ದರೆ ಅವನ ಮನೆಗೆ ವಿಚಾರಿಸುವುದು ಅವರ ಹೊಣೆಯಾಗಲಿ. ಎರಡನೆಯದಾಗಿ, ಕಾಗದಪತ್ರಗಳ ದೋಷಗಳನ್ನು ಪ್ರವೇಶದ ತಿಂಗಳಿನಲ್ಲೇ ಗುರುತಿಸಿ ತಿದ್ದಿಸಲು ಕಚೇರಿಯಲ್ಲಿ ಒಬ್ಬರಿರಲಿ. ಮೂರನೆಯದಾಗಿ, ವೇತನ ಬರುವ ತನಕ ಊಟಕ್ಕೂ ಬಸ್ಸಿಗೂ ಕೈಗಡ ಕೊಡುವ ಒಂದು ಸಣ್ಣ ನಿಧಿಯಿರಲಿ. ವೇತನ ಬಂದ ಮೇಲೆ ಹಿಂತಿರುಗಿಸಲಿ. ನಾಲ್ಕನೆಯದಾಗಿ, ಸಂಜೆ ಒಂದು ಗಂಟೆ ಇಂಗ್ಲಿಷನ್ನೂ ಪಠ್ಯದ ಕನ್ನಡವನ್ನೂ ಹಿರಿಯ ವಿದ್ಯಾರ್ಥಿಗಳೇ ಹೇಳಿಕೊಡಬಹುದು. ಅದಕ್ಕೆ ನನ್ನ ಹೆಸರನ್ನು ಇಲ್ಲಿಯೇ ಕೊಡುತ್ತೇನೆ.

ಐದನೆಯದು ನಿಯಮದಿಂದ ಆಗುವಂಥದಲ್ಲ. ಬೇರೆ ಧಾಟಿಯ ಕನ್ನಡ ಕೇಳಿದಾಗ ನಾವು ನಗಬಾರದು. ಜೇನಿನ ಹುಳುಗಳ ಬಗೆಗಳನ್ನೂ ಅವು ಹೂವು ಹುಡುಕುವ ಕಾಲವನ್ನೂ ನನ್ನ ಮಿತ್ರ ಒಮ್ಮೆ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ವಿವರಿಸಿದ. ಅಷ್ಟು ಚೆನ್ನಾಗಿ ಮಾತನಾಡಬಲ್ಲವನು ತರಗತಿಯಲ್ಲಿ ಮೂಕನಾಗಿದ್ದನೆಂದರೆ ನಷ್ಟ ಅವನೊಬ್ಬನದೇ ಅಲ್ಲ.

ಈ ವರ್ಷ ಹಾಡಿಗಳಿಂದ ಇಬ್ಬರು ನಮ್ಮ ಕಾಲೇಜಿಗೆ ಸೇರಿದ್ದಾರೆಂದು ಕೇಳಿದೆ. ಮುಂದಿನ ಸಂಚಿಕೆ ಹೊರಬರುವ ಹೊತ್ತಿಗೆ ಆ ಇಬ್ಬರೂ ಇಲ್ಲಿರಬೇಕು. ಪೂಜ್ಯ ಪ್ರಾಂಶುಪಾಲರೂ ಗುರುವರ್ಯರೂ ಸಹಪಾಠಿಗಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.